ಕೈಗಿತ್ತ ಪಾತ್ರ

ಒಂದು ಹಾಳೆ. ಎಡಗಡೆ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣಗಳು, ಒಂದೊಂದಕ್ಕೂ ಒಂದು ಅಂಕಿ. ನಡುವೆ ಆಯುಧ, ಕವಚ, ಜೇಬಿನಲ್ಲಿರುವ ನಾಣ್ಯದ ಲೆಕ್ಕ. ಬಲಗಡೆ ನಾಲ್ಕು ಚೌಕ: ಇವನ ಸ್ವಭಾವ, ಇವನು ನಂಬಿದ ಆದರ್ಶ, ಇವನು ಬಿಡಲಾರದ ನಂಟು, ಇವನ ದೌರ್ಬಲ್ಯ. ಎಲ್ಲ ತುಂಬಿದೆ, ಹೆಸರಿನ ಜಾಗ ಮಾತ್ರ ಖಾಲಿ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ ಐದನೆಯ ಆವೃತ್ತಿಗೆಂದು 2014ರಲ್ಲಿ ಬಂದ ಸ್ಟಾರ್ಟರ್ ಸೆಟ್ ಪೆಟ್ಟಿಗೆಯಲ್ಲಿ ಇಂಥ ಐದು ಹಾಳೆಗಳಿದ್ದವು. ಒಂದರಲ್ಲಿ ಒಬ್ಬ ಬಿಲ್ಲುಗಾರ. ಅವನ ಹಿರಿಯರ ಊರು ಅಗ್ನಿಪರ್ವತ ಸಿಡಿದು ಹಾಳಾಗಿದೆ, ಈಗ ಅಲ್ಲಿ ಡ್ರ್ಯಾಗನ್ ಒಂದು ಸೇರಿಕೊಂಡಿದೆ. ಇನ್ನೊಂದರಲ್ಲಿ ದೊಡ್ಡ ಮನೆತನದ ಕತ್ತಿಯಾಳು. ಜೊತೆಗೆ ಒಬ್ಬ ಕುಬ್ಜ ಪುರೋಹಿತ, ಒಬ್ಬ ಕಳ್ಳ, ಒಬ್ಬ ಎಲ್ಫ್ ಮಂತ್ರವಾದಿ. ಆಡಲು ಕುಳಿತವರು ಒಂದೊಂದು ಹಾಳೆ ಎತ್ತಿಕೊಂಡು, ಹೆಸರು ಬರೆದುಕೊಂಡರೆ ಸಾಕು, ಕಥೆ ಶುರು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ತಾನೇನು ಮಾಡುತ್ತೇನೆ, ಏನು ಹೇಳುತ್ತೇನೆ ಎಂದು ಬಾಯಿಮಾತಿನಲ್ಲೇ ತಿಳಿಸುತ್ತಾ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ವರ್ಷಗಟ್ಟಲೆ ಒಂದೇ ಕಥೆಯನ್ನು ಮುಂದುವರಿಸುವ ಗುಂಪುಗಳಿವೆ. ಒಂದೇ ಮಧ್ಯಾಹ್ನಕ್ಕೆ ಮುಗಿಯುವುದನ್ನು ಒನ್ ಶಾಟ್ ಎನ್ನುತ್ತಾರೆ. ಒನ್ ಶಾಟ್‌ಗೆ ಮೊದಲೇ ಸಿದ್ಧಮಾಡಿದ ಪಾತ್ರಗಳನ್ನು ಹಂಚುವುದು ರೂಢಿ. ಹೊಸಬರು ಪಾತ್ರ ಕಟ್ಟುತ್ತಾ ಕುಳಿತರೆ ಅದರಲ್ಲೇ ಹೊತ್ತು ಮುಳುಗುತ್ತದೆ.

ಹೊತ್ತು ಉಳಿಸುವ ಉಪಾಯವೆಂದೇ ಎಲ್ಲರೂ ಇದನ್ನು ಹೇಳುವುದು. ಹಳಬರಿಗೆ ಇದರ ಮೇಲೆ ಸ್ವಲ್ಪ ತಾತ್ಸಾರವೂ ಇದೆ. ತಾನೇ ಕಟ್ಟಿದ್ದಲ್ಲ, ಯಾರೋ ಕೊಟ್ಟದ್ದು, ಅದರಲ್ಲಿ ನನ್ನದೇನಿದೆ ಎಂಬ ಭಾವನೆ. ಬೆಂಗಳೂರಿನಲ್ಲಿ ರಜಾದಿನಗಳಲ್ಲಿ ಗೆಳೆಯರಿಗೆ, ಗೆಳೆಯರ ಮನೆಯವರಿಗೆ ಇಂಥ ಆಟಗಳನ್ನು ನಡೆಸುತ್ತಾ ಬಂದ ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ನಾವೇ ಕಟ್ಟಿದ ಪಾತ್ರದಲ್ಲಿ ನಮ್ಮ ಆಸೆಯೇ ಮತ್ತೆ ನಮಗೆ ಎದುರಾಗುತ್ತದೆ. ಯಾರೋ ಕೈಗಿತ್ತ ಪಾತ್ರದಲ್ಲಾದರೋ ನಾವಲ್ಲದ ಒಬ್ಬ ಮನುಷ್ಯನಿಗೆ ನ್ಯಾಯ ಸಲ್ಲಿಸಬೇಕಾದ ಹೊಣೆ ನಮ್ಮ ಮೇಲೆ ಬೀಳುತ್ತದೆ.

ಇತಿಹಾಸ ನೋಡಿದರೆ ಮೊದಲು ಬಂದದ್ದೂ ಕೊಟ್ಟ ಪಾತ್ರವೇ. 1969ರ ಸುಮಾರಿಗೆ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಯುದ್ಧದಾಟವೊಂದನ್ನು ನಡೆಸಲು ಹೊರಟ. ಜರ್ಮನಿಯಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರು, ಅದರ ಹೊರಗೆ ಎರಡು ಸೈನ್ಯ. ಆಡಲು ಬಂದವರೋ ಬಹಳ ಜನ, ಎಲ್ಲರಿಗೂ ದಂಡನಾಯಕನ ಪಟ್ಟ ಕೊಡಲಾಗದು. ಹಾಗಾಗಿ ಒಬ್ಬನನ್ನು ಊರಿನ ಮೇಯರ್ ಮಾಡಿದ, ಒಬ್ಬನನ್ನು ಬ್ಯಾಂಕಿನವನನ್ನಾಗಿಸಿದ, ಮತ್ತೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ ಮಾಡಿದ. ಒಬ್ಬೊಬ್ಬರಿಗೂ ಒಂದೊಂದು ಗುರಿ ಹೇಳಿಕೊಟ್ಟ. ಯುದ್ಧ ಶುರುವಾಗುವ ಮೊದಲೇ ಆಟಗಾರರು ಪಕ್ಕದ ಕೋಣೆಗಳಿಗೆ ಹೋಗಿ ಗುಟ್ಟಿನ ಒಪ್ಪಂದಕ್ಕೆ ತೊಡಗಿದರು, ಜಗಳವಾಡಿದರು. ಎಲ್ಲ ಗೊಂದಲವಾಯಿತು, ಆಟ ಕೆಟ್ಟಿತು ಎಂದೇ ವೆಸ್ಲಿ ತಿಳಿದ. ಆಡಿದವರು ಮಾತ್ರ ಇನ್ನೊಮ್ಮೆ ಬೇಕೆಂದು ಬೆನ್ನುಹತ್ತಿದರು. ಅವರಲ್ಲೊಬ್ಬ ಡೇವ್ ಆರ್ನೆಸನ್. ಅದೇ ಬೀಜವನ್ನು ಕೋಟೆ, ನೆಲಮಾಳಿಗೆ, ಮಾಂತ್ರಿಕರ ಲೋಕದಲ್ಲಿ ಬಿತ್ತಿ, ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿದ. 1974ರಲ್ಲಿ ಮೂರು ತೆಳು ಪುಸ್ತಕಗಳ ಪೆಟ್ಟಿಗೆಯಾಗಿ, ಸಾವಿರ ಪ್ರತಿಗಳಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೊರಬಂತು.

ಆ ಮೊದಲ ನಿಯಮದಲ್ಲೂ ಆಟಗಾರನಿಗೆ ಆಯ್ಕೆ ಕಡಿಮೆ. ಆರೂ ಗುಣಗಳಿಗೆ ಮೂರು ಮೂರು ದಾಳ ಉರುಳಿಸಬೇಕು, ಬಿದ್ದದ್ದು ಬಿದ್ದ ಕ್ರಮದಲ್ಲೇ. ಉರುಳಿಸುವ ಕೆಲಸವನ್ನೂ ಪುಸ್ತಕ ಆಟ ನಡೆಸುವವನಿಗೇ ವಹಿಸಿತ್ತು. ಮುಂದೆ ಹೆಚ್ಚುವರಿ ದಾಳ ಹಾಕಿ ಚಿಕ್ಕದನ್ನು ಬಿಡುವುದು ಬಂತು, ಅಂಕಗಳನ್ನು ಕೊಂಡುಕೊಳ್ಳುವ ಪದ್ಧತಿ ಬಂತು, ಕುಲ ಕಸುಬು ಹಿನ್ನೆಲೆ ಎಲ್ಲವನ್ನೂ ಆರಿಸಿಕೊಳ್ಳುವ ಅಧ್ಯಾಯಗಳು ಬಂದವು. ಆರಿಸಿಕೊಳ್ಳುವ ಹಕ್ಕು ದೊಡ್ಡದೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ 1975ರಲ್ಲಿ ಬಾಲ್ಟಿಮೋರ್‌ನ ಒರಿಜಿನ್ಸ್ ಸಮಾವೇಶದಲ್ಲಿ ಗೈಗ್ಯಾಕ್ಸ್ ತನ್ನ ‘ಟೂಂಬ್ ಆಫ್ ಹಾರರ್ಸ್’ ಸಾಹಸವನ್ನು ಸ್ಪರ್ಧೆಯಾಗಿ ನಡೆಸಿದಾಗ ಮತ್ತೆ ಸಿದ್ಧಪಾತ್ರಗಳೇ ಬೇಕಾದವು. ಒಂದು ಗುಂಪನ್ನು ಇನ್ನೊಂದರ ಜೊತೆ ತೂಗಿ ನೋಡಬೇಕಾದರೆ ಎಲ್ಲರ ಕೈಯಲ್ಲೂ ಇರುವುದು ಒಂದೇ ಆಗಿರಬೇಕಲ್ಲವೇ? ಕೈಯಲ್ಲಿರುವುದು ಒಂದೇ ಆದಾಗ ಎದ್ದು ಕಾಣುವುದು ಅದನ್ನು ಹಿಡಿದವರ ನಡತೆ.

ಕರಾವಳಿ, ಮಲೆನಾಡಿನ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಕುಳಿತ ಅರ್ಥಧಾರಿ ತನಗೆ ಬಂದ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟಿದ ಮಾತನ್ನಾಡುತ್ತಾನೆ. ಇವತ್ತು ನಿಮಗೆ ವಾಲಿ ಎಂದರೆ ವಾಲಿ. ಮನೆಯಲ್ಲಿ ರಾಮನ ಪಟಕ್ಕೆ ಕೈಮುಗಿದು ಬಂದವನೇ ಇರಲಿ, ಇಲ್ಲಿ ಬಾಣ ನಾಟಿದ ಮೇಲೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳಲೇಬೇಕು. ಅದನ್ನು ಅರೆಮನಸ್ಸಿನಿಂದ ಕೇಳಿದರೆ ವಾಲಿಗೂ ಅನ್ಯಾಯ, ಉತ್ತರಿಸಬೇಕಾದ ರಾಮನಿಗೂ ಅನ್ಯಾಯ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಜನ ಇಂದಿಗೂ ನೆನೆಯುವುದು ಇದಕ್ಕೇ. ಸೋಲಲೇಬೇಕಾದ ಪಾತ್ರಕ್ಕೂ ಅದರ ಪೂರ್ತಿ ಮಾತನ್ನು ಅವರು ಕೊಡಿಸಿದರು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ತಾಳಮದ್ದಳೆಯಲ್ಲಿ ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯುತ್ತಾನೆ, ಪ್ರಸಂಗ ಬದಲಾಗದು. ಈ ಆಟದಲ್ಲಿ ಕೊನೆಯನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿರಬಾರದು ಕೂಡ.

ಆ ಸ್ಟಾರ್ಟರ್ ಸೆಟ್‌ನ ಸಾಹಸದ ಹೆಸರು ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’. ಅದರ ಮೊದಲ ಭಾಗ ಒಂದು ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಾಮಾನಿನ ಗಾಡಿಯೊಂದಿಗೆ ಹೋಗುತ್ತಿರುವಾಗ ದಾರಿಯಲ್ಲಿ ಎರಡು ಕುದುರೆಗಳು ಬಾಣ ನಾಟಿ ಸತ್ತು ಬಿದ್ದಿವೆ. ಪೊದೆಯಲ್ಲಿ ಗಾಬ್ಲಿನ್ ಎಂಬ ಕಲ್ಪಿತ ಕುಲದವರು. ಅವರ ಹೆಜ್ಜೆ ಹಿಡಿದು ಹೋದರೆ ಒಂದು ಗುಹೆ, ಗುಹೆಯೊಳಗೆ ಸಿಲ್ಡರ್ ಎಂಬ ಸೆರೆಯಾಳು. ಅಲ್ಲಿ ಯೀಮಿಕ್ ಎಂಬ ಗಾಬ್ಲಿನ್ ಆ ಸೆರೆಯಾಳನ್ನು ಎತ್ತರದ ಕಲ್ಲಿನ ಅಂಚಿಗೆ ಎಳೆತಂದು ನಿಲ್ಲಿಸಿ ಒಂದು ವ್ಯವಹಾರಕ್ಕೆ ಬರುತ್ತಾನೆ. ನಮ್ಮ ನಾಯಕ ಕ್ಲಾರ್ಗ್‌ನನ್ನು ಕೊಂದು ಬನ್ನಿ, ನಾನು ನಾಯಕನಾಗುತ್ತೇನೆ, ಇವನನ್ನು ನಿಮಗೆ ಬಿಡುತ್ತೇನೆ. ಇಲ್ಲವಾದರೆ ಇಲ್ಲಿಂದಲೇ ತಳ್ಳುತ್ತೇನೆ.

ಈ ಜಾಗವನ್ನು ನಾನು ಬೇರೆ ಬೇರೆ ಜನರ ಮುಂದೆ ಇಟ್ಟಿದ್ದೇನೆ. ಪೆಟ್ಟಿಗೆಯ ಹಾಳೆಗಳ ಬದಲು ನಾನೇ ಬರೆದ ಪಾತ್ರಗಳನ್ನು ಹಂಚುತ್ತೇನೆ. ಒಮ್ಮೆ ಬಸವನಗುಡಿಯ ಮನೆಯೊಂದರ ಹಾಲ್‌ನಲ್ಲಿ ಕುಳಿತಾಗ, ಸೊಸೆಯ ಜೊತೆ ನೋಡಲೆಂದು ಬಂದಿದ್ದ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರನ್ನು ಆಟಕ್ಕೇ ಎಳೆದುಕೊಂಡೆವು. ಉಳಿದದ್ದು ಕಳ್ಳನ ಹಾಳೆ. ಅದರಲ್ಲಿ ಬೀಗ ಒಡೆಯುವ ಕೈಚಳಕ, ಸುಳ್ಳಿನ ಚಾಕಚಕ್ಯತೆಗೆ ಒಳ್ಳೆಯ ಅಂಕ. ಹಿನ್ನೆಲೆಯಾಗಿ ನಾನು ಬರೆದಿದ್ದದ್ದು ಇಷ್ಟೇ: “ಕಳ್ಳತನಕ್ಕೆ ಕರೆದುಕೊಂಡು ಹೋದವನು ಗೆಳೆಯನೇ. ಗಾಯವಾದಾಗ ಸತ್ತನೆಂದು ಬಿಟ್ಟು ಹೋದವನೂ ಅವನೇ.” ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮೊದಲರ್ಧ ಹೆಚ್ಚು ಮಾತಾಡಲಿಲ್ಲ. ಯೀಮಿಕ್ ಎದುರು ನಿಂತಾಗ ಎಲ್ಲರೂ ಅವರತ್ತ ತಿರುಗಿದರು. ಗಾಬ್ಲಿನ್‌ಗೆ ಹ್ಞೂಂ ಎಂದು ಒಪ್ಪಿಕೊಂಡ ಹಾಗೆ ಮಾಡಿ ಹತ್ತಿರ ಹೋಗುವುದು ಕಳ್ಳನ ಕೆಲಸ.

“ಇವನು ಸುಳ್ಳು ಹೇಳಬಹುದಾ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು.

“ಹೇಳ್ತಾನೆ ಮೇಷ್ಟ್ರೇ. ಚೆನ್ನಾಗೇ ಹೇಳ್ತಾನೆ, ಅಂಕ ನೋಡಿ.”

ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಯೀಮಿಕ್ ಜೊತೆ ಮಾತಿಗೆ ನಿಂತರು. “ನೋಡಪ್ಪಾ, ಹೊರಗಿನವರ ಕತ್ತಿ ತಂದು ನಿನ್ನ ನಾಯಕನನ್ನ ಹೊಡೆಸ್ತೀಯ. ನಾಳೆ ನೀನು ನಾಯಕ. ನಿನ್ನ ಹಿಂದೆ ಇರೋರು ಇವತ್ತು ಇದನ್ನ ಕಲೀತಿದ್ದಾರೆ. ನನ್ನನ್ನೂ ನಮ್ಮವನೇ ಬಿಟ್ಟು ಹೋದ, ಗಾಯ ಇನ್ನೂ ಇದೆ. ಆ ಮನುಷ್ಯನನ್ನ ಬಿಡು, ನಾವು ಹೋಗ್ತೀವಿ, ಯಾರೂ ಸಾಯೋದು ಬೇಡ.” ಸುಳ್ಳಿಗೆಂದು ಕೊಟ್ಟ ಪಾತ್ರದ ಬಾಯಲ್ಲಿ ಆ ಮಧ್ಯಾಹ್ನದ ಅತ್ಯಂತ ನಿಜವಾದ ಮಾತು ಬಂತು. ಸಾಹಸ ಬರೆದವರೂ ಅದನ್ನು ಯೋಚಿಸಿರಲಿಲ್ಲ, ಹಾಳೆ ಬರೆದ ನಾನೂ ಯೋಚಿಸಿರಲಿಲ್ಲ.

ಗಾಬ್ಲಿನ್ ಒಪ್ಪುತ್ತಾನೋ ಇಲ್ಲವೋ, ದಾಳ ಹೇಳಬೇಕು. ಉರುಳಿಸಿದರು. ನಾಲ್ಕು ಬಿತ್ತು. ಯೀಮಿಕ್ ನಕ್ಕು ಸಿಲ್ಡರ್‌ನನ್ನು ತಳ್ಳಿದ. ಪುರೋಹಿತೆಯ ಪಾತ್ರದಲ್ಲಿದ್ದ ಸೊಸೆ, ತನಗೇ ಬೇಕಾಗಬಹುದೆಂದು ಉಳಿಸಿಕೊಂಡಿದ್ದ ಕೊನೆಯ ಚಿಕಿತ್ಸೆಯ ಮಂತ್ರವನ್ನು ಅವನ ಮೇಲೆ ಹಾಕಿ ಜೀವ ಉಳಿಸಿದಳು. ಕತ್ತಿಯಾಳಿನ ಪಾತ್ರದಲ್ಲಿದ್ದ ಹುಡುಗ ತಡೆಯಲಾರದೆ ಅಂದ, “ಸರ್, ಒಂದು ಸುಳ್ಳು ಹೇಳಿದ್ರೆ ಅವನು ಬೀಳ್ತಾನೇ ಇರ್ಲಿಲ್ಲ.” ಮೇಷ್ಟ್ರು ಒಪ್ಪಿದರು. “ಇರಬಹುದು ಮರೀ. ಆದರೆ ಇವನು ಅಂಥ ಸುಳ್ಳಿಂದಲೇ ಹಾಳಾದವನು ನೋಡು. ಅದನ್ನೇ ಇನ್ನೊಬ್ಬನಿಗೆ ಹೇಗೆ ಮಾಡ್ತಾನೆ?”

ಡಿಎಂ ಆದವರ ಮುಂದೆ ಒಂದು ರಟ್ಟಿನ ಮರೆ ಇರುತ್ತದೆ, ಅದರ ಹಿಂದೆ ಏನು ಬಿತ್ತೆಂದು ಬೇರೆ ಹೇಳಿದರೂ ಯಾರಿಗೂ ತಿಳಿಯದು. ಅಂಥ ಮಾತಿಗೆ ಗೆಲುವು ಕೊಡಬಾರದಿತ್ತೇ ಎಂದು ಆಮೇಲೆ ಕೆಲವರು ಕೇಳಿದರು. ನನ್ನ ಮೇಜಿನಲ್ಲಿ ದಾಳ ಎಲ್ಲರ ಕಣ್ಣೆದುರೇ ಉರುಳುತ್ತದೆ. ಅದು ಹಾಗೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿಜ ಹೇಳಿದಾಗಲೆಲ್ಲ ನಾನು ಗೆಲ್ಲಿಸುತ್ತಾ ಹೋದರೆ, ಮುಂದಿನ ಸಲ ಆಟಗಾರರು ಗೆಲ್ಲುವುದಕ್ಕೆಂದೇ ನಿಜ ಹೇಳುತ್ತಾರೆ. ಮೇಷ್ಟ್ರ ಮಾತಿಗೆ ಬೆಲೆ ಬಂದದ್ದು, ಅದು ಫಲಿಸದೆ ಹೋಗಬಹುದೆಂದು ಗೊತ್ತಿದ್ದೂ ಅವರು ಅದನ್ನಾಡಿದ್ದರಿಂದ. ದಾಳವನ್ನು ತಿದ್ದಿ ಒಳ್ಳೆಯತನಕ್ಕೆ ಉಪಕಾರ ಮಾಡುತ್ತೇನೆಂದು ಹೊರಟ ಡಿಎಂ ಅದರ ತೂಕವನ್ನೇ ಕಡಿಮೆ ಮಾಡುತ್ತಾನೆ.

ಹಾಳೆ ಬರೆಯುವುದರಲ್ಲಿ ಒಂದು ಸಂಯಮ ಬೇಕು. ‘ನೀನು ಧೈರ್ಯಶಾಲಿ’ ಎಂದು ಬರೆದರೆ ಆಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ, ಬರೆದದ್ದನ್ನು ಒಪ್ಪಿಸಬೇಕಷ್ಟೆ. ‘ಒಮ್ಮೆ ಓಡಿಹೋಗಿದ್ದೆ, ಆ ಊರಿನ ಹೆಸರು ಕೇಳಿದರೆ ಇವತ್ತಿಗೂ ಮಾತು ನಿಲ್ಲಿಸುತ್ತೀಯೆ’ ಎಂದರೆ ಈ ಸಲ ಓಡಬೇಕೋ ನಿಲ್ಲಬೇಕೋ ಎಂಬುದು ಅವರಿಗೆ ಬಿಟ್ಟದ್ದು. ಆಗಿಹೋದದ್ದನ್ನು ಬರೆಯಬಹುದು, ಬಯಕೆಯನ್ನು ಬರೆಯಬಹುದು. ಮುಂದೆ ಮಾಡುವುದನ್ನು ಬರೆಯಬಾರದು. ಪಾತ್ರಗಳ ನಡುವೆ ಒಂದಾದರೂ ಋಣ ಇಟ್ಟರೆ ಒಳ್ಳೆಯದು, ಇವಳು ಅವನ ಪ್ರಾಣ ಉಳಿಸಿದ್ದಳು, ಅವನು ಇನ್ನೂ ಹೇಳಿಕೊಂಡಿಲ್ಲ ಎಂಬಂಥದ್ದು. ಅಪರಿಚಿತರು ಮೇಜಿಗೆ ಕುಳಿತ ಕಾಲು ಗಂಟೆಯಲ್ಲಿ ಪರಸ್ಪರ ಮುಖ ನೋಡಿ ಮಾತಾಡಲು ಅದು ಸಾಕು.

ಹಂಚುವುದರಲ್ಲೂ ಧರ್ಮವಿದೆ. ಮೆತ್ತಗೆ ಮಾತಾಡುವವರಿಗೆ, ಹೆಣ್ಣುಮಕ್ಕಳಿಗೆ ಚಿಕಿತ್ಸೆ ಮಾಡುವ ಪಾತ್ರವೇ ಹೋಗಿ ಸೇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಯಾರೂ ಒತ್ತಾಯಿಸಿರುವುದಿಲ್ಲ. ಉಳಿದವರು ಕತ್ತಿ, ಬೆಂಕಿಯ ಹಾಳೆಗಳನ್ನು ಎತ್ತಿಕೊಂಡ ಮೇಲೆ ಇವರಿಗೆ ಅದು ಉಳಿದಿರುತ್ತದೆ. ಅದಕ್ಕೇ ಹಾಳೆಗಳನ್ನು ಮಗುಚಿ ಇಡುವುದು ಅಥವಾ ಹಿಂದೆಸರಿದು ಕುಳಿತವರಿಂದ ಆಯ್ಕೆ ಶುರುಮಾಡುವುದು ನನಗೆ ಹಿಡಿಸಿದ ಕ್ರಮ. ಮೇಜಿನ ನಡುವೆ ‘ಎಕ್ಸ್’ ಬರೆದ ಒಂದು ಕಾರ್ಡು ಇಡುವ ಪದ್ಧತಿಯೂ ಈಗ ಬಳಕೆಯಲ್ಲಿದೆ, ಅಮೆರಿಕದ ಜಾನ್ ಸ್ಟಾವ್ರೊಪೌಲಸ್ ರೂಪಿಸಿದ್ದು. ಕಥೆಯಲ್ಲಿ ಬಂದದ್ದು ಯಾರಿಗಾದರೂ ಸಹಿಸಲಾಗದಿದ್ದರೆ ಆ ಕಾರ್ಡನ್ನು ಮುಟ್ಟಿದರೆ ಆಯಿತು, ಕಾರಣ ಕೇಳದೆ ಅದನ್ನು ಕೈಬಿಡುತ್ತಾರೆ. ಬೇರೆಯವರ ಪಾತ್ರವನ್ನು ಹೊತ್ತವರೂ ತಮ್ಮ ಗಾಯವನ್ನು ಮನೆಯಲ್ಲಿಟ್ಟು ಬಂದಿರುವುದಿಲ್ಲ.

ಸಿದ್ಧಪಾತ್ರದ ಬಗ್ಗೆ ಇಷ್ಟು ಒಳ್ಳೆಯ ಮಾತಾಡುವಾಗ ನನ್ನನ್ನು ಬಿಡದೆ ಕಾಡುವ ಒಂದು ಪ್ರಶ್ನೆಯಿದೆ, ಅದು ಗಾಬ್ಲಿನ್‌ಗಳದ್ದು. ಈ ಆಟದಲ್ಲಿ ಅಲೈನ್‌ಮೆಂಟ್ ಎಂಬ ಒಂದು ಗೆರೆಯಿದೆ. 1974ರಲ್ಲಿ ಅದು ನಿಯಮ, ತಟಸ್ಥ, ಅವ್ಯವಸ್ಥೆ ಎಂಬ ಮೂರು ಪಕ್ಷವಾಗಿತ್ತು. ಮುಂದೆ ಒಳಿತು ಕೆಡುಕುಗಳೂ ಸೇರಿದವು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಒಂದೊಂದು ಜೀವಿಯ ಹೆಸರಿನ ಕೆಳಗೂ ಅದರ ಗುಣವನ್ನು ನಮೂದಿಸಿತು. ಓರ್ಕ್ ಎಂದರೆ ದುಷ್ಟ, ಗಾಬ್ಲಿನ್ ಎಂದರೆ ದುಷ್ಟ. ಯಾವ ಓರ್ಕ್, ಏನು ಮಾಡಿದ್ದ ಎಂದು ಕೇಳಬೇಕಾಗಿಲ್ಲ. 2020ರಲ್ಲಿ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಓರ್ಕ್, ಡ್ರೋ ಮೊದಲಾದ ಕುಲದವರನ್ನು ಇನ್ನು ಮುಂದೆ ಬೇರೆಲ್ಲ ಜನರಷ್ಟೇ ಸಂಕೀರ್ಣವಾಗಿ ಚಿತ್ರಿಸುವುದಾಗಿ ಹೇಳಿತು. ಅದು ಸಲಿಗೆಯಾಯಿತು, ಆಟದ ಸೊಗಸು ಹೋಯಿತು ಎಂದು ಗೊಣಗಿದವರೂ ಇದ್ದರು. ಹುಟ್ಟಿದ ಮನೆ ನೋಡಿ ಮನುಷ್ಯನ ಗುಣ, ಕಸುಬು, ಕುಳಿತುಕೊಳ್ಳುವ ಜಾಗ ಎಲ್ಲವನ್ನೂ ಬರೆದಿಡುವುದು ಏನೆಂದು ನಮ್ಮ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬರಹವನ್ನು ಬದುಕಿಡೀ ಕೆಳಗಿಡಲಾಗದೆ ಹೊತ್ತವರು ನಮ್ಮ ನಡುವೆಯೇ ಇದ್ದಾರೆ.

ಹಾಗಿದ್ದ ಮೇಲೆ ನಾನು ಹಂಚುವ ಹಾಳೆಗೂ ಆ ಬರಹಕ್ಕೂ ಏನು ವ್ಯತ್ಯಾಸ? ನನ್ನ ಹಾಳೆಯನ್ನು ಒಪ್ಪಿ ಪಡೆಯುತ್ತಾರೆ, ಸಂಜೆಗೆ ಕೆಳಗಿಡುತ್ತಾರೆ ಎಂಬುದು ಒಂದು. ಆಟದ ಮಧ್ಯದಲ್ಲೇ ಪಾತ್ರ ತನ್ನ ಹಾಳೆಯನ್ನು ಮೀರಬಹುದು, ಕಳ್ಳ ನಿಜ ಹೇಳಬಹುದು ಎಂಬುದು ಅದಕ್ಕಿಂತ ಮುಖ್ಯವಾದದ್ದು. ಆಟಗಾರರಿಗೆ ಕೊಟ್ಟ ಈ ಸ್ವಾತಂತ್ರ್ಯವನ್ನು ಗಾಬ್ಲಿನ್‌ಗೆ ಕೊಡದಿದ್ದರೆ ನಾನು ಅರ್ಧ ನ್ಯಾಯ ಮಾತ್ರ ಮಾಡಿದ ಹಾಗಾಗುತ್ತದೆ. ಆದ್ದರಿಂದ ಯೀಮಿಕ್‌ಗೂ ಒಂದು ಚಿಕ್ಕ ಹಾಳೆ ಬರೆದಿಟ್ಟುಕೊಂಡಿದ್ದೇನೆ. ಅವನಿಗೆ ಕ್ಲಾರ್ಗ್‌ನ ಮೇಲೆ ಯಾಕೆ ಸಿಟ್ಟು, ಯಾವುದಕ್ಕೆ ಹೆದರುತ್ತಾನೆ, ಯಾರ ಮಾತು ಕೇಳಿದರೂ ಕೇಳಬಹುದು ಎಂಬುದೆಲ್ಲ ಅದರಲ್ಲಿದೆ. ಅಂದು ನಾಲ್ಕು ಬಿದ್ದದ್ದಕ್ಕೆ ಅವನು ನಕ್ಕ. ಹದಿನಾರು ಬಿದ್ದಿದ್ದರೆ ಅವನ ಕೈ ಸಡಿಲವಾಗುತ್ತಿತ್ತು. ಸಡಿಲವಾಗುವ ಕೈ ಅವನಿಗೆ ಇರಬೇಕು, ಅದನ್ನು ಇಡುವುದು ನನ್ನ ಕರ್ತವ್ಯ.

ಒನ್ ಶಾಟ್‌ನ ಇನ್ನೊಂದು ಗುಣ ಅದಕ್ಕೆ ನಾಳೆ ಇಲ್ಲದಿರುವುದು. ದೀರ್ಘ ಆಟಗಳಲ್ಲಿ ಇವತ್ತು ಒಬ್ಬ ಬಡ ಗಾಡಿಯವನಿಗೆ ದಯೆ ತೋರಿದರೆ ಮುಂದೊಂದು ದಿನ ಅವನು ಗುಪ್ತ ದಾರಿ ತೋರಿಸಿಯಾನು. ಅನುಭವಿ ಆಟಗಾರರು ಅದನ್ನು ಲೆಕ್ಕ ಹಾಕಿಯೇ ದಯೆ ತೋರುವುದುಂಟು, ಅದರಲ್ಲಿ ತಪ್ಪೇನಿಲ್ಲ. ಒಂದೇ ಮಧ್ಯಾಹ್ನದ ಕಥೆಯಲ್ಲಿ ಮಾಡಿದ ಉಪಕಾರ ವಾಪಸು ಬರಲು ಸಮಯವೇ ಇರುವುದಿಲ್ಲ. ಗಳಿಸಿದ ಚಿನ್ನವನ್ನು ಖರ್ಚು ಮಾಡಲು ಅಂಗಡಿಯಿಲ್ಲ, ಏರಲು ಮುಂದಿನ ಹಂತವಿಲ್ಲ. ಆದರೂ ಜನ ಕೊನೆಯ ಅರ್ಧ ಗಂಟೆಯಲ್ಲಿ ಸೆರೆಸಿಕ್ಕ ಗಾಬ್ಲಿನ್‌ನ ಕಟ್ಟು ಬಿಚ್ಚುತ್ತಾರೆ, ಹಸಿದಿದ್ದಾನೆಂದು ತಮ್ಮ ಬುತ್ತಿ ಕೊಡುತ್ತಾರೆ, ಸತ್ತ ಕುದುರೆಗಳ ಒಡೆಯ ಯಾರೆಂದು ವಿಚಾರಿಸುತ್ತಾರೆ. ಇದರ ಉಲ್ಟಾ ಕೂಡ ಆಗುತ್ತದೆ. ನಾಳೆ ಯಾರೂ ಕೇಳುವವರಿಲ್ಲವೆಂದು ಗೊತ್ತಾದ ಕೂಡಲೇ ಗುಹೆಗೆ ಬೆಂಕಿ ಹಚ್ಚಿದ ಗುಂಪನ್ನೂ ಕಂಡಿದ್ದೇನೆ. ಎರಡರಲ್ಲೂ ಹಾಳೆಗಳು ಅವೇ.

ಆಟ ಮುಗಿದಾಗ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಲೆಕ್ಕಹಾಕಿ ಹೇಳಬೇಕೆಂದು ಪುಸ್ತಕ ಹೇಳುತ್ತದೆ. ಒನ್ ಶಾಟ್‌ನಲ್ಲಿ ನಾನು ಅದನ್ನು ಮಾಡುವುದಿಲ್ಲ. ಆ ಹೊತ್ತಿನಲ್ಲಿ ಒಬ್ಬೊಬ್ಬರನ್ನೂ, ನಿಮ್ಮವನು ಇಲ್ಲಿಂದ ಎಲ್ಲಿಗೆ ಹೋಗುತ್ತಾನೆ ಎಂದು ಕೇಳುತ್ತೇನೆ. ಕತ್ತಿಯಾಳಿನ ಹುಡುಗ ಆ ದಿನ ತನ್ನವನು ಊರಿಗೆ ಹೋಗಿ ಅಪ್ಪನ ಹತ್ತಿರ ಸಾಲ ಕೇಳುತ್ತಾನೆ ಅಂದ. ಸೊಸೆ, ಸಿಲ್ಡರ್ ನಡೆಯುವ ಹಾಗಾಗುವವರೆಗೆ ಪುರೋಹಿತೆ ಜೊತೆಯಲ್ಲೇ ಇರುತ್ತಾಳೆ ಎಂದಳು, ಆಮೇಲೆ “ಮಾವ, ನಿಮ್ಮವನು?” ಎಂದು ಕೇಳಿದಳು. ಮೇಷ್ಟ್ರು ಪೆನ್ನು ಕೇಳಿ ಪಡೆದು, ತಮ್ಮ ಕಳ್ಳ ತನ್ನನ್ನು ಬಿಟ್ಟುಹೋದ ಗೆಳೆಯನನ್ನು ಹುಡುಕುತ್ತಾನೆಂದೂ ಸಿಕ್ಕರೆ ಏನು ಮಾಡುತ್ತಾನೆಂದು ತಮಗೆ ಇನ್ನೂ ಗೊತ್ತಿಲ್ಲವೆಂದೂ ಹಾಳೆಯ ಹಿಂಬದಿಯಲ್ಲಿ ಬರೆದರು.